ಬಂಕಾಪುರದ ಕೋಟೆಯಲ್ಲಿ ಒಂದು ದಿನ

ಪ್ರವಾಸವೆಂದರೆ ಗೋವೆಯೋ ದಾಂಡೇಲಿಯೋ ಆಗಿರಬೇಕೆಂಬುದು ವಿದ್ಯಾರ್ಥಿಗಳ ಮನದಾಸೆ. ಗುರುವೃಂದವು ಬಂಕಾಪುರವೆಂದು ನಿಶ್ಚಯಿಸಿದಾಗ ದುಂಡಸಿಯ ಆ ಮಕ್ಕಳ ಮುಖಗಳು ಬಾಡಿದುದು ಸಹಜವೇ. “ಅಲ್ಲೇನ್ ನೋಡೂದೈತ್ರಿ ಸರ್, ಸಂತಿಗೆ ಹತ್ತ ಸಲ ಹೋಗೇವಿ” ಎಂದು ಒಬ್ಬನು ಗೊಣಗಿಯೂ ಬಿಟ್ಟನು. ಸಂತೆಗೆ ಹೋದವನು ಸಂತೆಯನ್ನು ಕಂಡಾನು. ಕೋಟೆಯನ್ನು ಕಾಣುವ ಪುರಸೊತ್ತು ಅವನಿಗೆಲ್ಲಿಯದು?

ಶಿಗ್ಗಾವಿಯನ್ನು ದಾಟಿ ಬಸ್ಸು ಬಂಕಾಪುರವನ್ನು ಮುಟ್ಟಿದಾಗ ಹುಲ್ಲಿನ ಮೇಲಣ ಇಬ್ಬನಿ ಇನ್ನೂ ಆರಿರಲಿಲ್ಲ. ಸ್ಪೇನ್ ದೇಶದ ಆವಿಲಾ ಎಂಬ ನಗರದಲ್ಲಿ ಪ್ರಾಚೀನ ಕೋಟೆಗೋಡೆಯು ಇಂದಿಗೂ ಹಳೆಯ ಊರನ್ನು ಬಳಸಿಕೊಂಡು ನಿಂತಿದೆಯಂತೆ. ಇಲ್ಲಿ ಹಾಗಲ್ಲ, ಜನ ನೆಲೆಸಿದ ಊರು ಕೋಟೆಯ ಹೊರಗಿದೆ. ಒಳಗಿರುವುದು ಮುಳ್ಳುಕಂಟಿ, ಹುಲ್ಲು, ಖಿಲಾರಿ ದನಗಳ ಸಂವರ್ಧನ ಕೇಂದ್ರ ಮತ್ತು ನವಿಲುಗಳು. 2006ರಲ್ಲಿ ಈ ಕೋಟೆಯು ನವಿಲುಧಾಮವೆಂದು ಘೋಷಿತವಾಯಿತು. ಕಂದಕದ ಪೊದೆಯಿಂದ ಕೇಕಾರವ ಕೇಳಿಬಂದೊಡನೆ ಮಕ್ಕಳ ಮುನಿಸು ಅರ್ಧ ಇಳಿಯಿತು.

ಇತಿಹಾಸದ ಗುರುಗಳು ಹುಣಸೆಯ ನೆರಳಿನಲ್ಲಿ ಎಲ್ಲರನ್ನೂ ಕುಳ್ಳಿರಿಸಿದರು. ನೃಪತುಂಗನ ನೆಚ್ಚಿನ ದಂಡನಾಯಕ ಬಂಕೇಯನಿಂದ ಊರಿಗೆ ಈ ಹೆಸರು ಬಂದಿತು. ಅವನ ಮಗ ಲೋಕಾದಿತ್ಯನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣವು ಇಲ್ಲಿಯೇ ಪೂಜೆಗೊಂಡಿತು. ಗಂಗರ ಮಾರಸಿಂಹನು ಯುದ್ಧಗಳನ್ನೆಲ್ಲ ಮುಗಿಸಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟುದೂ ಇದೇ ಬಂಕಾಪುರದಲ್ಲಿ. ಅರಸರ ಹೆಸರುಗಳು ಬಂದಂತೆ ಹಿಂದಿನ ಸಾಲಿನವರು ಆಕಳಿಸತೊಡಗಿದರೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ 1055ರ ಶಾಸನದ ಮಾತು ಬಂದಾಗ ಆಕಳಿಕೆ ನಿಂತಿತು. ಬಂಕಾಪುರದ ಜೈನ ಬಸದಿಯೊಂದಕ್ಕೆ ಭೂಮಿಯನ್ನು ದತ್ತಿ ಬಿಟ್ಟ ಶಾಸನವದು. ಕೊಟ್ಟವರು ಕದಂಬ ಹರಿಕೇಸರಿದೇವ ಮತ್ತು ಅವನ ಮಡದಿ ಲಚ್ಚಲದೇವಿ. ಅವರೊಡನೆ ಊರಿನ ಪಂಚಮಠಸ್ಥಾನ, ನಗರ ಮಹಾಜನ, ಹದಿನಾರು ಮಂದಿಯ ಕೂಟ.

“ಮಠದವ್ರು ಬಸದಿಗೆ ಯಾಕ ಕೊಟ್ರರಿ ಸರ್?” ಎಂದಳು ಒಂಬತ್ತನೆಯ ತರಗತಿಯ ಬಾಲೆ.

ಗುರುಗಳು ಕ್ಷಣಕಾಲ ಸುಮ್ಮನಿದ್ದು, “ನಿಮ್ಮ ಓಣ್ಯಾಗ ಒಬ್ಬರ ಮನ್ಯಾಗ ಮದುವಿ ಅಂದ್ರ ಬ್ಯಾರೆಯವ್ರು ಅಕ್ಕಿ-ಬ್ಯಾಳಿ ಕೊಡೂದಿಲ್ಲೇನವಾ?” ಎಂದರು. ಶಾಸ್ತ್ರಾರ್ಥದಿಂದ ನೋಡಿದರೆ ಇದು ಉತ್ತರವಲ್ಲ. ಹುಡುಗಿಗೆ ಮಾತ್ರ ಸಾಕಾಯಿತು.

ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ ಎಲ್ಲರೂ ನಗರೇಶ್ವರನ ಗುಡಿಗೆ ನಡೆದರು. ಜನರ ಬಾಯಲ್ಲಿ ಅದು ಅರವತ್ತು ಕಂಬದ ಗುಡಿ. ಶಾಸನಗಳ ಭಾಷೆಯಲ್ಲಿ ನಗರವೆಂದರೆ ವರ್ತಕರ ಕೂಟವೂ ಹೌದು. ಬುಗುರಿಯಂತೆ ತಿರುವಿ ಕಡೆದ ನುಣುಪಾದ ಕಂಬಗಳಲ್ಲಿ ನೋಡುವವರ ಮುಖದ ನೆರಳು ಮೂಡುತ್ತಿತ್ತು. ಮಕ್ಕಳು ಎಣಿಸಿದರು, ಮತ್ತೆ ಎಣಿಸಿದರು. ಒಬ್ಬರ ಲೆಕ್ಕ ಮತ್ತೊಬ್ಬರಿಗೆ ಹೊಂದಲೇ ಇಲ್ಲ.

ಆ ಗದ್ದಲದಲ್ಲಿ, ಬೆಳಿಗ್ಗೆ ಗೊಣಗಿದ್ದ ಹುಡುಗನು ಕಂಬವೊಂದರ ಮರೆಗೆ ಸರಿದನು. ಯಾರೋ ಹಿಂದೆ ಬಂದವರು ಅಲ್ಲಿ ತಮ್ಮ ಹೆಸರುಗಳನ್ನು ಗೀಚಿ ಹೋಗಿದ್ದರು. ಇವನ ಕೈಯಲ್ಲಿಯೂ ಚೂಪಾದ ಕಲ್ಲಿನ ಚೂರೊಂದು ಇದ್ದಿತು. ಗುರುಗಳು ಕಂಡರು, ಗದರಲಿಲ್ಲ, ಬಳಿಗೆ ಬಂದು ನಿಂತರು ಅಷ್ಟೆ.

“ಇವ್ರೇನ್ ಕೊಟ್ಟಾರಪಾ ಈ ಗುಡಿಗೆ?” ಎಂದು ಗೀಚಿದ ಹೆಸರುಗಳತ್ತ ಬೆರಳು ಮಾಡಿ ಕೇಳಿದರು.

ಹುಡುಗನು ತಲೆ ತಗ್ಗಿಸಿದನು. ಕಲ್ಲಿನ ಚೂರನ್ನು ಅಲ್ಲಿ ಬೀಳಿಸಲು ಮನಸ್ಸು ಬಾರದೆ ಮುಷ್ಟಿಯಲ್ಲಿಯೇ ಹಿಡಿದುಕೊಂಡು ಹೋಗಿ, ಹೊರಗಿನ ಕಂಟಿಯೊಳಗೆ ಎಸೆದು ಬಂದನು. ಆ ಸಪ್ಪಳಕ್ಕೆ ನವಿಲೊಂದು ಬೆದರಿ ಹಾರಿತು.

ಹೊತ್ತು ಇಳಿದು ಬಸ್ಸು ಶಿಗ್ಗಾವಿಯ ದಾರಿ ಹಿಡಿದಾಗ ಹುಡುಗಿಯರ ಹಾಡು, ಹುಡುಗರ ಚಪ್ಪಾಳೆ ಮೊದಲಾದವು. ಅವನೊಬ್ಬನು ಮೊಳಕಾಲ ಮೇಲೆ ನೋಟುಬುಕ್ಕನ್ನಿಟ್ಟು, ಕುಲುಕಾಟದಲ್ಲಿಯೇ ಏನನ್ನೋ ಬರೆಯುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಆಸನದತ್ತ ಬಾಗಿ, “ಸರ್, ಲಚ್ಚಲದೇವಿ ಅನ್ನೂದಕ್ಕ ಚಕಾರಕ್ಕ ಒತ್ತು ಐತೇನ್ರಿ?” ಎಂದು ಕೇಳಿದನು.