ರಿಪೋರ್ಟ್ ಓದಿ ಹೇಳಿದ್ದು ನಾವೇ

ಹೋದ ಮಳೆಗಾಲದ ಮಾತು. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮ ವಾಟ್ಸಾಪಿಗೆ ಒಂದು ಫೋಟೋ ಬಂತು. ಲ್ಯಾಬ್ ರಿಪೋರ್ಟ್. ಕೆಳಗೆ ಒಂದು ವಾಯ್ಸ್ ಮೆಸೇಜ್: 'ಅಣ್ಣಾ, ಇದ್ರಲ್ಲಿ ಏನ್ ಬರ್ದವ್ರೆ ಸ್ವಲ್ಪ ನೋಡಿ ಹೇಳಣ್ಣ.'

ಪೇಪರಿನವರು ಅಂದರೆ ಊರಲ್ಲಿ ಎಲ್ಲ ಕಾಗದಕ್ಕೂ ನಾವೇ. ಬ್ಯಾಂಕಿನ ನೋಟಿಸ್, ಕೋರ್ಟಿನ ಸಮನ್ಸ್, ಸ್ಕ್ಯಾನಿಂಗ್ ರಿಪೋರ್ಟ್, ಇಂಗ್ಲಿಷಿನಲ್ಲಿ ಏನೇ ಬಂದರೂ ನಮ್ಮ ಫೋನಿಗೆ ಬಂದು ಬೀಳುತ್ತದೆ. ಗೊತ್ತಿಲ್ಲ ಅನ್ನೋದಕ್ಕೆ ನಮಗೂ ನಾಚಿಕೆ. ಓದಿ ಹೇಳಿಬಿಡುತ್ತೇವೆ.

ರಿಪೋರ್ಟ್ ಅವನ ಹೆಂಡತಿಯದು. ಎರಡು ಸಲ ಗರ್ಭ ನಿಂತು ಹೋಗಿತ್ತು. ಪೇಟೆಯ ಆಸ್ಪತ್ರೆಯೊಂದರಲ್ಲಿ 'ಟಾರ್ಚ್' ಅಂತ ರಕ್ತಪರೀಕ್ಷೆ ಬರೆದುಕೊಟ್ಟಿದ್ದರು. ಅದರಲ್ಲಿ ನಾಲ್ಕೈದು ಸೋಂಕುಗಳನ್ನು ಒಟ್ಟಿಗೆ ನೋಡುತ್ತಾರೆ. ಬೇರೆಲ್ಲ ಸಾಲು ಸರಿಯಾಗಿತ್ತು. ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು: 'ಎಚ್‌ಎಸ್‌ವಿ 1 ಮತ್ತು 2, ಐಜಿಜಿ, ಪಾಸಿಟಿವ್'. ಎಚ್‌ಎಸ್‌ವಿ ಅಂದರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್. ಗೂಗಲ್‌ನಲ್ಲಿ ಹುಡುಕಿದೆವು. ಮೊದಲಿಗೆ ಸಿಕ್ಕಿದ್ದನ್ನೇ ಕನ್ನಡ ಮಾಡಿ ಕಳಿಸಿದೆವು: 'ಇದು ಲೈಂಗಿಕ ಸಂಪರ್ಕದಿಂದ ಬರೋ ವೈರಸ್ ಕಣಪ್ಪ.' ಅದರ ಹಿಂದೆಯೇ 'ಡಾಕ್ಟರಿಗೆ ತೋರಿಸಿ ಕೇಳು' ಅಂತಲೂ ಕಳಿಸಿದ್ದೆವು. ಎರಡನೇ ಮೆಸೇಜ್ ಯಾರಿಗೆ ಬೇಕು?

ಎಂಟು ದಿನ ಬಿಟ್ಟು ಸಂತೆಯಲ್ಲಿ ಅವನ ತಾಯಿ ಸಿಕ್ಕರು. ಸೊಸೆ ತವರಿಗೆ ಹೋಗಿದ್ದಾಳೆ ಅಂದರು. ಹಬ್ಬಕ್ಕಾ ಅಂತ ಕೇಳಿದೆವು. ಅವರು ಮುಖ ತಿರುಗಿಸಿಕೊಂಡರು. ಆಗ ನಮಗೆ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು.

ಮಾರನೇ ದಿನ ಜಿಲ್ಲಾಸ್ಪತ್ರೆಗೆ ಹೋದೆವು. ಡೆಂಗಿ ಲೆಕ್ಕ ಕೇಳಲು ಹೇಗೂ ಹೋಗುವ ಜಾಗ. ಅಲ್ಲಿ ಚರ್ಮ ಮತ್ತು ಲೈಂಗಿಕ ರೋಗ ವಿಭಾಗದ ಡಾಕ್ಟರಮ್ಮನ ಮುಂದೆ ಫೋಟೋ ಇಟ್ಟೆವು. ಹೆಸರನ್ನು ಬೆರಳಲ್ಲಿ ಮುಚ್ಚಿಕೊಂಡೇ ತೋರಿಸಿದೆವು. ಅವರು ಕೇಳಿದ ಮೊದಲ ಪ್ರಶ್ನೆ: 'ಈಕೆಯದು ಸರಿ. ಗಂಡನ ರಿಪೋರ್ಟ್ ಎಲ್ಲಿ?'

'ಅವನಿಗೆ ಮಾಡ್ಸಿಲ್ಲ ಮೇಡಂ.'

'ಈಕೆಗೆ ಗುಳ್ಳೆ, ಹುಣ್ಣು ಏನಾದ್ರೂ ಆಗಿತ್ತಾ?'

'ಗೊತ್ತಿಲ್ಲ ಮೇಡಂ.'

'ಮತ್ತೆ ಏನ್ ಗೊತ್ತು ಅಂತ ಹೇಳಿದ್ರಿ ನೀವು?'

ಉತ್ತರ ಇರಲಿಲ್ಲ. ಹೊರರೋಗಿಗಳ ಸಾಲು ಕರಗುವ ತನಕ ಕಾದು ಕೂತೆವು. ಆಮೇಲೆ ಅವರು ಬಿಡಿಸಿ ಹೇಳಿದರು.

ಈ ವೈರಸ್ಸಿನಲ್ಲಿ ಎರಡು ಬಗೆ. ಒಂದನೆಯದು ಹೆಚ್ಚಾಗಿ ತುಟಿ, ಬಾಯಿಯದು. ಜ್ವರ ಬಂದು ಹೋದ ಮೇಲೆ ತುಟಿಯ ಅಂಚಲ್ಲಿ ಗುಂಪಾಗಿ ನೀರುಗುಳ್ಳೆ ಏಳುತ್ತದಲ್ಲ, ನಮ್ಮ ಕಡೆ ಜೇಡ ಹರಿದಿದೆ ಅಂತ ಸುಣ್ಣ ಹಚ್ಚುತ್ತಾರಲ್ಲ, ಬಹುಪಾಲು ಅದೇ. ಜೇಡಕ್ಕೂ ಅದಕ್ಕೂ ಸಂಬಂಧವಿಲ್ಲ. ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ ಅಷ್ಟೆ. ಇದು ಬಹಳ ಜನಕ್ಕೆ ಚಿಕ್ಕಂದಿನಲ್ಲೇ, ಮನೆಯವರು ಮುತ್ತು ಕೊಟ್ಟಾಗ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಲ್ಲಿ ಜಗತ್ತಿನಲ್ಲಿ 50 ವರ್ಷದೊಳಗಿನ 380 ಕೋಟಿ ಜನರ ಮೈಯಲ್ಲಿ ಇದಿದೆ. ನೂರಕ್ಕೆ 64 ಮಂದಿ. ಎರಡನೆಯ ಬಗೆ ಜನನಾಂಗದ್ದು, ಲೈಂಗಿಕ ಸಂಪರ್ಕದಿಂದ ಬರುವುದು. 15ರಿಂದ 49 ವಯಸ್ಸಿನವರಲ್ಲಿ ಸುಮಾರು 52 ಕೋಟಿ ಜನಕ್ಕೆ ಅದು ಇದೆ ಅಂತ ಅದೇ ಅಂದಾಜು. ಒಂದನೆಯ ಬಗೆಯೂ ಬಾಯಿಯಿಂದ ಜನನಾಂಗಕ್ಕೆ ಹೋಗಬಲ್ಲದು.

ಹಾಗಾದರೆ ಆ ದಪ್ಪಕ್ಷರದ ಸಾಲಿನ ಅರ್ಥ ಏನು? ಐಜಿಜಿ ಅಂದರೆ ವೈರಸ್ ಯಾವತ್ತೋ ಒಳಗೆ ಬಂದಿತ್ತು, ದೇಹ ಅದರ ವಿರುದ್ಧ ಕಾವಲು ಕಟ್ಟಿದೆ ಅನ್ನುವ ಗುರುತು. ಯಾವಾಗ ಬಂತು, ಯಾರಿಂದ ಬಂತು, ಬಾಯಿಗೋ ಕೆಳಗೋ, ಯಾವುದನ್ನೂ ಅದು ಹೇಳುವುದಿಲ್ಲ. ಅವಳ ರಿಪೋರ್ಟಿನಲ್ಲಿ 1 ಮತ್ತು 2 ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿದ್ದರು. ಆರು ವರ್ಷದವಳಿದ್ದಾಗ ಅಜ್ಜಿ ಕೊಟ್ಟ ಮುತ್ತಿಗೂ ಆ ಸಾಲು ಪಾಸಿಟಿವ್ ಬರುತ್ತದೆ. 'ಗರ್ಭ ನಿಲ್ಲದೇ ಇದ್ದದ್ದಕ್ಕೆ ಇದೇ ಕಾರಣ ಅನ್ನೋಕೂ ಈ ಕಾಗದದಲ್ಲಿ ಏನಿಲ್ಲ' ಅಂದರು ಡಾಕ್ಟರಮ್ಮ.

ನಡುವೆ ಒಂದು ಮಾತು. ಸರ್ಪಸುತ್ತಿಗೂ ಡಾಕ್ಟರ್ ಚೀಟಿಯಲ್ಲಿ ಹರ್ಪಿಸ್ ಅಂತಲೇ ಬರೆಯುತ್ತಾರೆ, ಹರ್ಪಿಸ್ ಜೋಸ್ಟರ್ ಅಂತ. ಅದು ಬೇರೆ ವೈರಸ್. ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಚಿಕನ್‌ಪಾಕ್ಸ್ ನರದಲ್ಲಿ ಮಲಗಿದ್ದು, ವಯಸ್ಸಾದ ಮೇಲೆ ಎದ್ದು ಬರುವುದು. ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಏನೇನೂ ಇಲ್ಲ. ಅಪ್ಪನ ಸರ್ಪಸುತ್ತಿನ ಚೀಟಿ ನೋಡಿ ಮಕ್ಕಳು ಗೂಗಲ್ ಮಾಡಿ ಗಾಬರಿಯಾದರೆ ಆಶ್ಚರ್ಯವಿಲ್ಲ. ನಾವು ಮಾಡಿದ್ದೂ ಅದನ್ನೇ ತಾನೆ.

ಹಾಗಂತ ಜನನಾಂಗದ ಹರ್ಪಿಸ್ ಏನೂ ಅಲ್ಲ ಅಂತಲ್ಲ. ಅದು ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ. ಗುಳ್ಳೆ, ಹುಣ್ಣು ಇದ್ದಾಗ ಅಪಾಯ ಬಹಳ ಹೆಚ್ಚು. ಆದರೆ ಕಣ್ಣಿಗೆ ಏನೂ ಕಾಣದ ದಿನಗಳಲ್ಲೂ ಕೆಲವೊಮ್ಮೆ ವೈರಸ್ ಚರ್ಮದ ಮೇಲೆ ಬಂದಿರುತ್ತದೆ. ಹಾಗಾಗಿ ಕೊಟ್ಟವರಿಗೂ ತಾವು ಕೊಟ್ಟದ್ದು ಗೊತ್ತಿರುವುದಿಲ್ಲ. ಬಹಳ ಮಂದಿಗೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಮದುವೆಯಾಗಿ ಹತ್ತು ವರ್ಷದ ಮೇಲೆ ಮೊದಲ ಸಲ ಗುಳ್ಳೆ ಕಂಡರೆ, ಮೊನ್ನೆ ಮೊನ್ನೆ ಯಾರೋ ಮೋಸ ಮಾಡಿದರು ಅಂತ ಹೇಳಲು ಬರುವುದಿಲ್ಲ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ, ಅದು ಮುಚ್ಚದ ಚರ್ಮವೂ ಇದೆಯಲ್ಲ. ಹುಣ್ಣಿರುವ ದಿನಗಳಲ್ಲಿ ಕಾಂಡೋಮ್ ಇದ್ದರೂ ದೂರ ಇರುವುದೇ ಸರಿ. ಬಚ್ಚಲು, ಕಕ್ಕಸು, ಟವೆಲ್, ಸೋಪು, ತಟ್ಟೆಯಿಂದ ಇದು ಬರುವುದಿಲ್ಲ. ಆ ಮನೆಯಲ್ಲಿ ಸೊಸೆಯ ತಟ್ಟೆ ಲೋಟ ಬೇರೆ ಇಟ್ಟಿದ್ದರಂತೆ. ಅದು ನಮಗೆ ಆಮೇಲೆ ಗೊತ್ತಾಯಿತು.

ಟೆಸ್ಟ್ ಯಾವಾಗ ಅಂತ ಕೇಳಿದೆವು. ಡಾಕ್ಟರಮ್ಮ ಹೇಳಿದ್ದು ಇಷ್ಟು. ಸೋಂಕು ತಗುಲಿದ 2ರಿಂದ 12 ದಿನದೊಳಗೆ, ಕಾಣುವುದಾದರೆ, ಉರಿ, ತುರಿಕೆ, ನೀರುಗುಳ್ಳೆ ಕಾಣುತ್ತದೆ. ಮೊದಲ ಸಲವಾದರೆ ಜ್ವರ, ತೊಡೆಸಂದಿಯ ಗಡ್ಡೆ, ಮೂತ್ರಕ್ಕೆ ಹೋಗುವಾಗ ಉರಿ ಕೂಡ ಬರಬಹುದು. ಆಗ ಕಾಯಬಾರದು. ಗುಳ್ಳೆ ಹಸಿಯಾಗಿದ್ದಾಗಲೇ, ಆದರೆ ಮೊದಲೆರಡು ದಿನದೊಳಗೆ, ಅದರ ನೀರನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪಿಸಿಆರ್ ಪರೀಕ್ಷೆ ಮಾಡಿದರೆ ಉತ್ತರ ಖಚಿತ, ಯಾವ ಬಗೆ ಅಂತಲೂ ಗೊತ್ತಾಗುತ್ತದೆ. ಒಣಗಿ ಹಕ್ಕಳೆಯಾದ ಮೇಲೆ ಸಿಗುವುದು ಕಷ್ಟ. ನಾಚಿಕೊಂಡು ಹದಿನೈದು ದಿನ ಬೇವಿನ ಸೊಪ್ಪು ಹಚ್ಚಿ ಆಮೇಲೆ ಬರುವವರೇ ಹೆಚ್ಚು ಅಂತ ಅವರ ಬೇಸರ.

ಗುಳ್ಳೆಯೇ ಇಲ್ಲ, ಬರೀ ಅನುಮಾನ ಅಂದರೆ ಮಾರನೇ ದಿನವೇ ರಕ್ತ ಕೊಟ್ಟು ಪ್ರಯೋಜನವಿಲ್ಲ. ಕಾವಲು ಕಟ್ಟಲು ದೇಹಕ್ಕೆ ವಾರಗಟ್ಟಲೆ ಬೇಕು. ಮೂರು ತಿಂಗಳು ಕಳೆದ ಮೇಲೆ, ಎರಡು ಬಗೆಯನ್ನೂ ಬೇರೆ ಬೇರೆ ತೋರಿಸುವ ಐಜಿಜಿ ಪರೀಕ್ಷೆ ಮಾಡಿಸಬೇಕು. ಸಂಖ್ಯೆ ಗೆರೆಯ ಅಂಚಿನಲ್ಲಿ ಬಂದರೆ ಅದನ್ನೂ ನಂಬದೆ ಇನ್ನೊಮ್ಮೆ ನೋಡಬೇಕು. ಐಜಿಎಂ ಅನ್ನುವ ಸಾಲನ್ನು ನಂಬಿ ಹೊಸ ಸೋಂಕು ಅಂತ ತೀರ್ಮಾನ ಮಾಡಬಾರದು, ಹಳೆಯ ಸೋಂಕಿಗೂ ಅದು ಬರುತ್ತದೆ. ಏನೂ ತೊಂದರೆ ಇಲ್ಲದವರು ಪ್ಯಾಕೇಜಿನಲ್ಲಿ ಸೇರಿದೆ ಅಂತ ಮಾಡಿಸಿಕೊಳ್ಳುವ ಟೆಸ್ಟ್ ಅಲ್ಲ ಇದು.

ಜಿಲ್ಲಾಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಬೋರ್ಡ್ ಇರುತ್ತದೆ. ಲೈಂಗಿಕ ಸೋಂಕುಗಳಿಗೆ ಸರ್ಕಾರದ್ದೇ ಕ್ಲಿನಿಕ್. ಅಲ್ಲಿ ಹುಣ್ಣು ನೋಡಿಯೇ ಔಷಧಿ ಶುರು ಮಾಡುತ್ತಾರೆ. ಬಣ್ಣ ಬಣ್ಣದ ಕಿಟ್‌ಗಳಲ್ಲಿ ಹರ್ಪಿಸಿನದು ಕೆಂಪು, ಒಳಗೆ ಅಸೈಕ್ಲೋವಿರ್ ಮಾತ್ರೆ. ಮಾತ್ರೆ ಬೇಗ ಶುರುವಾದಷ್ಟೂ ಹುಣ್ಣು ಬೇಗ ಮಾಯುತ್ತದೆ. ವೈರಸ್ಸನ್ನು ಬೇರುಸಮೇತ ತೆಗೆಯುವ ಔಷಧಿ ಇಲ್ಲ, ಆದರೆ ಮತ್ತೆ ಮತ್ತೆ ಬರುವವರಿಗೆ ದಿನಾ ತಗೊಳ್ಳುವ ಮಾತ್ರೆ ಇದೆ, ಅದರಿಂದ ಜೊತೆಗಾರರಿಗೆ ಹರಡುವುದೂ ತಗ್ಗುತ್ತದೆ. ಅಲ್ಲಿ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ ಅನ್ನುತ್ತಾರೆ, ಬೇಡ ಅನ್ನಬೇಡಿ. ಎರಡನೇ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು. ಹೋಗಲು ಮುಜುಗರವಾದರೆ 1097ಕ್ಕೆ ಫೋನ್ ಮಾಡಿ ಕೇಳಬಹುದು, ದುಡ್ಡಿಲ್ಲ.

ಬಸುರಿಯರ ವಿಷಯ ಡಾಕ್ಟರಮ್ಮ ಎರಡು ಸಲ ಹೇಳಿದರು. ಹಳೆಯ ಹರ್ಪಿಸ್ ಇದ್ದರೆ ಕೂಸಿಗೆ ಅಪಾಯ ತೀರಾ ಕಡಿಮೆ. ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಗುಲಿದರೆ ಮಾತ್ರ ದೊಡ್ಡ ಅಪಾಯ. ಹೆರಿಗೆ ಹೊತ್ತಿಗೆ ಹುಣ್ಣಿದ್ದರೆ ಮುಚ್ಚಿಡದೆ ಹೇಳಬೇಕು, ಆಪರೇಷನ್ ಮಾಡಿ ಕೂಸನ್ನು ಉಳಿಸಿಕೊಳ್ಳುತ್ತಾರೆ. ಇನ್ನು ತುಟಿಯಲ್ಲಿ ಗುಳ್ಳೆ ಎದ್ದವರು, ಅಜ್ಜಿಯೇ ಆಗಲಿ ಸೋದರಮಾವನೇ ಆಗಲಿ, ಬಾಣಂತಿ ಕೋಣೆಯ ಎಳೆಗೂಸಿಗೆ ಮುತ್ತು ಕೊಡಬಾರದು. ನಮಗೆ ಸಣ್ಣದು, ಆ ಕೂಸಿಗೆ ಪ್ರಾಣಕ್ಕೇ ಬರಬಹುದು.

ಅಲ್ಲಿಂದ ನೇರ ಅವನ ಮನೆಗೆ ಹೋದೆವು. ಜಗುಲಿಯಲ್ಲಿ ಕೂತು, ನಾವು ಹೇಳಿದ್ದು ತಪ್ಪಪ್ಪ ಅಂತ ಶುರು ಮಾಡಿದೆವು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ತುಟಿಗುಳ್ಳೆಯ ಮಾತು ಬಂದಾಗ ಒಳಗಿದ್ದ ತಾಯಿ ಬಾಗಿಲಿಗೆ ಬಂದರು. 'ಇವನಿಗೇ ವರ್ಷಕ್ಕೆರಡು ಸಲ ಏಳ್ತದಲ್ಲಪ್ಪ, ಸಣ್ಣೋನಿಂದ್ಲೂ' ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಕಾಫಿ ಬಂತು, ಕುಡಿದೆವು.

ಭಾನುವಾರ ಅವನ ಜೊತೆ ನಾವೂ ತವರಿಗೆ ಹೋದೆವು. ಅವರ ತಂದೆ ನಮ್ಮನ್ನು ಒಳಗೆ ಕರೆಯಲು ಸ್ವಲ್ಪ ಹೊತ್ತು ತಗೊಂಡರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದೆವು. ಆಕೆ ನಡುಮನೆಯ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಗಂಡನ ಕಡೆ ನೋಡಲಿಲ್ಲ. ನಮ್ಮನ್ನು ಕೇಳಿದಳು: 'ನನ್ನ ರಕ್ತ ಅಷ್ಟು ಜನ ಓದಿದ್ರಿ. ಇವರ ತುಟಿ ಯಾರೂ ನೋಡ್ಲಿಲ್ವಾ ಅಣ್ಣ?'

ಅವತ್ತು ಅವಳು ಬರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಒಂದು ತಿಂಗಳು ಬಿಟ್ಟು ಇಬ್ಬರೂ ಸೇರಿ ಜಿಲ್ಲಾಸ್ಪತ್ರೆಗೆ ಹೋಗಿ ಬಂದರಂತೆ, ಅಲ್ಲಿಂದ ಊರಿಗೆ. ಇದನ್ನು ಬರೆಯುತ್ತೇವೆ ಅಂದಾಗ, ಹೆಸರು ಊರು ಬೇಡ, ತಟ್ಟೆ ಲೋಟದ ವಿಷಯ ಮಾತ್ರ ಬಿಡಬೇಡಿ ಅಂದಳು. ಆ ಫೋಟೋವನ್ನು ನಮ್ಮ ಫೋನಿನಿಂದ ಅವಳ ಎದುರಿಗೇ ಅಳಿಸಿದೆವು.

ಈಗಲೂ ರಿಪೋರ್ಟ್‌ಗಳು ಬರುತ್ತವೆ. ಮೊನ್ನೆ ಒಂದು ಥೈರಾಯಿಡ್ ಬಂದಿತ್ತು. ಬರೆದುಕೊಟ್ಟ ಡಾಕ್ಟರಿಗೇ ತೋರಿಸಿ, ನಮಗೆ ಇದು ಗೊತ್ತಾಗಲ್ಲ ಅಂತ ಕಳಿಸಿದೆವು.