ಕೇಳು-ಹೌದು, ಕೇಳು-ಬೇಡ

ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಇಲ್ಲ ಮತ್ತು ಹೌದು, ಅಷ್ಟೇ ಎಂದು ಹೇಳುವವರು ಮಟ್ ಎಂಬ ಇಮೇಲ್ ತಂತ್ರಾಂಶವನ್ನು ಬಳಸಿರಲಾರರು. ಅದರ ಕೆಲವು ಸೆಟ್ಟಿಂಗುಗಳಿಗೆ ನಾಲ್ಕು ಉತ್ತರಗಳುಂಟು: ಯೆಸ್, ನೋ, ಆಸ್ಕ್-ಯೆಸ್, ಆಸ್ಕ್-ನೋ. ಮೊದಲಿನೆರಡರ ಬಗ್ಗೆ ಹೇಳುವುದೇನಿಲ್ಲ. ಆಸ್ಕ್-ಯೆಸ್ ಎಂದರೆ, ಧಣಿಯನ್ನು ಒಮ್ಮೆ ಕೇಳು. ಅವನು ಏನೂ ಹೇಳದೆ ಎಂಟರ್ ಒತ್ತಿದರೆ ಹೌದೆಂದು ತಿಳಿದು ಮುಂದುವರಿ. ಆಸ್ಕ್-ನೋದಲ್ಲೂ ಕೇಳುವ ಶಾಸ್ತ್ರ ತಪ್ಪುವುದಿಲ್ಲ. ಆದರೆ ಬರಿದೆ ಎಂಟರ್ ಒತ್ತಿದರೆ ಬೇಡವೆಂದೇ ಲೆಕ್ಕ.

ಹುಮನಾಬಾದಿನ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬಂದವರನ್ನು "ಚಾ ಮಾಡ್ಲೇನ್ರಿ?" ಎಂದು ಕೇಳುವ ಹೊತ್ತಿಗೆ ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ. "ಬ್ಯಾಡ್ರಿ, ಈಗ ಕುಡದೇ ಬಂದೀನಿ" ಎಂದು ಒಮ್ಮೆ ಅಂದರೆ ಅದು ಉತ್ತರವೇ ಅಲ್ಲ, ಕೆಮ್ಮಿದ ಹಾಗೆ. ಇದು ಆಸ್ಕ್-ಯೆಸ್. ಅದೇ ಮನುಷ್ಯ ಚಪ್ಪಲಿ ಮೆಟ್ಟಿ, ಗಾಡಿ ಚಾಲೂ ಮಾಡಿದ ಮೇಲೆ "ಉಂಡೇ ಹೋಗಬಹುದಿತ್ತಲ್ರಿ" ಅನ್ನುವುದು ಆಸ್ಕ್-ನೋ. ಎರಡರಲ್ಲೂ ಕೇಳುವವರ ಮುಖದಲ್ಲಿ ಅದೇ ನಗು.

ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಮೊದಲೇ ಇಟ್ಟಿದ್ದಾರೆ ಎಂದು ನೋಡುತ್ತ ಕೂತರೆ ಒಂದು ಸಂಜೆ ಹೋದದ್ದು ತಿಳಿಯುವುದಿಲ್ಲ. ವಿಷಯದ ಸಾಲು ಖಾಲಿ ಬಿಟ್ಟು ಪತ್ರ ಕಳಿಸಲು ಹೋದರೆ "ಬಿಟ್ಟುಬಿಡಲೇ?" ಎಂದು ಕೇಳುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ ಬಿಟ್ಟೇಬಿಡುತ್ತದೆ. ವಿಷಯವಿಲ್ಲದ ಪತ್ರ ಯಾಕೆ ಬರೆಯುತ್ತೀ ಎಂಬ ಹಿರಿಯರ ಗದರಿಕೆ ಅದರಲ್ಲಿದೆ. ಪತ್ರವನ್ನು ಮುದ್ರಿಸುವ ಸೆಟ್ಟಿಂಗು ಮಾತ್ರ ಆಸ್ಕ್-ನೋ. ಕಾರಣವನ್ನು ಕೈಪಿಡಿಯಲ್ಲೇ ಬರೆದಿಟ್ಟಿದ್ದಾರೆ: ಕೆಲವರು ಕೈತಪ್ಪಿ ಆಗಾಗ 'ಪಿ' ಕೀಲಿ ಒತ್ತುತ್ತಾರಂತೆ. ಯಾರು ಆ ಕೆಲವರು? ಎಲ್ಲೋ ಒಂದು ಕಚೇರಿಯಲ್ಲಿ, ಬೇಡದ ಕಾಗದಗಳನ್ನು ಹೊರಹಾಕುತ್ತಲೇ ಇದ್ದ ಪ್ರಿಂಟರಿನ ಮುಂದೆ ತಲೆ ಚಚ್ಚಿಕೊಂಡ ಯಾರದೋ ಮುಖ ನನಗೆ ಆ ಸಾಲಿನ ಹಿಂದೆ ಕಾಣುತ್ತದೆ. ಕೈಪಿಡಿಗಳನ್ನು ಕಾದಂಬರಿಯಂತೆ ಓದಬಾರದೆಂದು ಯಾರು ಹೇಳಿದರು?

ಮಟ್ ಅನ್ನು ಮೈಕೇಲ್ ಎಲ್ಕಿನ್ಸ್ ಎಂಬಾತ 1995ರಲ್ಲಿ ಬರೆದ. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಕಡಿಮೆ ದುಡ್ಡಿನ ಶೆಲ್ ಅಕೌಂಟಿನಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಅದರ ಮೇಲೆ ಅಕ್ಷರ. ಆಗ ಬೆಂಗಳೂರಿನಲ್ಲಿದ್ದ ನನ್ನಂಥವರು ಇಮೇಲ್ ಎಂದು ಮೊದಲು ಕಂಡದ್ದು ಪೈನ್. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1989ರಲ್ಲಿ ತಮ್ಮ ಸಿಬ್ಬಂದಿಗೆಂದು ಶುರುಮಾಡಿದ ತಂತ್ರಾಂಶ ಅದು. ಏನು ಒತ್ತಿದರೆ ಏನಾಗುತ್ತದೆಂದು ಪರದೆಯ ಕೆಳಗೆ ಎರಡು ಸಾಲಿನಲ್ಲಿ ಬರೆದಿರುತ್ತಿತ್ತು. ಅದರ ಸೆಟ್ಟಿಂಗಿನ ಪರದೆಗೆ ಹೋದರೆ ಚೌಕ ಕಂಸಗಳ ಉದ್ದಾನುದ್ದ ಸಾಲು. ಬೇಕಾದ್ದಕ್ಕೆ ಒಂದು ಕತ್ತರಿ ಗುರುತು. ಕೇಳದೆ ಹೊರಗೆ ಹೋಗಬಹುದೇ, ಕೇಳದೆ ಅಳಿಸಬಹುದೇ, ಸಹಿ ಮೇಲೆ ಬರಬೇಕೇ ಕೆಳಗೆ ಬರಬೇಕೇ. ಫೋನಿನ ಮೀಟರು ಓಡುತ್ತಿರುವಾಗಲೂ ಆ ಚೌಕಗಳಲ್ಲಿ ಕಾಲ ಕಳೆದವರಲ್ಲಿ ನಾನೂ ಒಬ್ಬ. ಆಮೇಲೆ ಮಟ್ ಬಂತು. ಅದರಲ್ಲಿ ಚೌಕವೂ ಇಲ್ಲ, ಪರದೆಯೂ ಇಲ್ಲ. ಚುಕ್ಕೆಯಿಂದ ಹೆಸರು ಶುರುವಾಗುವ ಒಂದು ಕಡತ ಇರುತ್ತದೆ. ಚುಕ್ಕೆ ಇರುವುದರಿಂದ ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಬೇಕಾದ್ದನ್ನು ಅದರೊಳಗೆ ಸಾಲುಸಾಲಾಗಿ ಕೈಯಾರೆ ಬರೆಯಬೇಕು.

ನನ್ನ ಕಡತ ಬೆಂಗಳೂರಿನಲ್ಲಿ ಹುಟ್ಟಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟುತ್ತ ಈಗ ಹುಮನಾಬಾದಿನಲ್ಲಿ ನೆಲೆಸಿದೆ. '#' ಗುರುತಿನ ಮುಂದೆ ಬರೆದದ್ದನ್ನು ಮಟ್ ಓದುವುದಿಲ್ಲ, ಹಾಗಾಗಿ ಅಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡಿದ್ದೇನೆ. "ಇದನ್ನು ಮುಟ್ಟಬೇಡ" ಎಂದು ಒಂದು ಕಡೆ ಇದೆ. ಯಾಕೆ ಮುಟ್ಟಬಾರದೆಂದು ಬರೆದಿಲ್ಲ, ನಾನೂ ಮುಟ್ಟಿಲ್ಲ.

ಕೆಲಸ ಬಸವಕಲ್ಯಾಣದಲ್ಲಿ, ಮನೆ ಹುಮನಾಬಾದಿನಲ್ಲಿ. ಹುಮನಾಬಾದಿಗೆ ಬೀದರ್–ಕಲಬುರಗಿ ರೈಲು ಇದೆ, ಬಸವಕಲ್ಯಾಣಕ್ಕೆ ಇಲ್ಲ. ನನ್ನ ಪಾಲಿಗೆ ಪುಣೆ–ಹೈದರಾಬಾದ್ ಹೆದ್ದಾರಿಯ ಬಸ್ಸೇ ಗತಿ. ಅಂಚೆಯನ್ನೆಲ್ಲ ಮನೆಯಲ್ಲೇ ಇಳಿಸಿಕೊಂಡು ಹೊರಡುತ್ತೇನೆ. ದಾರಿಯಲ್ಲಿ ನೆಟ್‌ವರ್ಕ್ ಇದ್ದರೆಷ್ಟು ಬಿಟ್ಟರೆಷ್ಟು, ಲ್ಯಾಪ್‌ಟಾಪಿನಲ್ಲಿ ಇರುವುದನ್ನು ಓದಿ ಉತ್ತರ ಬರೆಯಲು ತಡೆಯಿಲ್ಲ. ಸಸ್ತಾಪುರ ಬಂಗ್ಲಾ ಬಂದು ಬಸ್ಸು ಹೆದ್ದಾರಿ ಬಿಡುವಾಗ ಅರ್ಧ ಬರೆದದ್ದನ್ನು ಮುಚ್ಚಿದರೆ "ಆಮೇಲೆ ಬರೆಯುತ್ತೀಯಾ?" ಎಂದು ಮಟ್ ಕೇಳುತ್ತದೆ. ಅದೂ ಆಸ್ಕ್-ಯೆಸ್. ಹೀಗೆ ಆಮೇಲೆಂದು ಇಟ್ಟ ಪತ್ರಗಳದ್ದೇ ಒಂದು ಗಂಟು ಆಗಿದೆ. ಹೊಸ ಪತ್ರ ಶುರುಮಾಡಿದಾಗಲೆಲ್ಲ "ಹಳೆಯದನ್ನು ತೆಗೆಯಲೇ?" ಎಂಬ ಪ್ರಶ್ನೆ. ಸಾಲ ಕೊಟ್ಟವರು ಕೂಡ ಇಷ್ಟು ಸಲ ನೆನಪಿಸುವುದಿಲ್ಲ.

ನನಗೆ ತೀರ ಇಷ್ಟವಾದ ಸೆಟ್ಟಿಂಗು ರಿವರ್ಸ್-ಏಲಿಯಾಸ್. ಯಾರ ಪತ್ರ ಬಂದರೂ ಅವರು ತಮ್ಮನ್ನು ಏನೆಂದು ಕರೆದುಕೊಂಡಿದ್ದಾರೋ ಅದನ್ನು ಬಿಟ್ಟು, ನನ್ನ ವಿಳಾಸಪಟ್ಟಿಯಲ್ಲಿ ನಾನು ಏನೆಂದು ಬರೆದಿಟ್ಟಿದ್ದೇನೋ ಅದನ್ನು ಇದು ತೋರಿಸುತ್ತದೆ. ಮೊದಲಿಗೆ ನೋ ಎಂದೇ ಇರುತ್ತದೆ, ಯೆಸ್ ಮಾಡಿಕೊಳ್ಳಬೇಕು. ಹೆಸರಿನ ಹಿಂದೆ ಡಾಕ್ಟರ್, ಮುಂದೆ ಎರಡು ಪದವಿ, ಕಂಸದಲ್ಲಿ ಹುದ್ದೆ ಹಾಕಿಕೊಂಡವರು ನನ್ನ ಪರದೆಯಲ್ಲಿ 'ದೊಡ್ಡಕ್ಕನ ಮೈದುನ' ಆಗಿ ಬಂದು ಕೂರುತ್ತಾರೆ. ಹೈದರಾಬಾದಿನಲ್ಲಿ ಟೀಮ್ ಲೀಡ್ ಆಗಿರುವ ಅಳಿಯ ಇಲ್ಲಿ 'ಗುಂಡ'. ಅವನಿಗೆ ಇದು ಗೊತ್ತಿಲ್ಲದಿದ್ದ ಕಾಲ ಚೆನ್ನಾಗಿತ್ತು.

ಗಡಿಯ ಜನಕ್ಕೆ ಇನ್ನೊಂದು ಅನುಕೂಲ ಸೆಂಡ್-ಹುಕ್. ಯಾರಿಗೆ ಬರೆಯುತ್ತಿದ್ದೇನೆಂದು ನೋಡಿ ಸೆಟ್ಟಿಂಗುಗಳನ್ನು ತಾನೇ ಬದಲಿಸಿಕೊಳ್ಳುವ ಸಾಲು ಇದು. ಉತ್ತರದ ಮೇಲೆ ಬರುವ 'ಇಂಥವರು ಇಂಥ ದಿನ ಬರೆದದ್ದು' ಎಂಬ ಸಾಲನ್ನೂ ಕೆಳಗಿನ ಸಹಿಯನ್ನೂ ಓದುವವರ ಭಾಷೆಗೆ ತಕ್ಕಂತೆ ಬದಲಿಸಲು ಇದನ್ನು ಬಳಸಬಹುದೆಂದು ಕೈಪಿಡಿಯೇ ಹೇಳುತ್ತದೆ. ಬರೆದವರು ಬೀದರ್ ಜಿಲ್ಲೆಯನ್ನು ನೋಡಿರಲಿಕ್ಕಿಲ್ಲ, ಆದರೂ ನಮ್ಮ ಪಾಡು ಅವರಿಗೆ ಗೊತ್ತಿತ್ತು. ಬಸವಕಲ್ಯಾಣದ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಅಂಗಡಿಯಾತ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವುದು ಅವನಿಗೇ ತಿಳಿಯುವುದಿಲ್ಲ. ನನ್ನ ಕಡತದಲ್ಲಿ ಉಮರ್ಗಾದ ಬೀಗರಿಗೆ ಮರಾಠಿ ಸಾಲು, ಕಚೇರಿಗೆ ಇಂಗ್ಲಿಷ್, ಉಳಿದವರಿಗೆಲ್ಲ ಕನ್ನಡ.

ಸಹಿಯ ವಿಷಯಕ್ಕೆ ಬಂದರೆ, ಪತ್ರ ಮುಗಿದ ಮೇಲೆ ಎರಡು ಗೀಟು, ಒಂದು ಖಾಲಿ ಜಾಗ ಇರುವ ಸಾಲನ್ನು ಮಟ್ ತಾನೇ ಹಾಕುತ್ತದೆ. ಕಣ್ಣಿಗೆ ಕಾಣದ ಆ ಖಾಲಿ ಜಾಗವೂ ಇರಲೇಬೇಕು. ಅದಿಲ್ಲದಿದ್ದರೆ ಇದು ಸಹಿ ಎಂದು ಓದುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಕೆಳಗೆ ನಾಲ್ಕು ಸಾಲು ಮೀರಬಾರದೆಂಬುದು ಹಳಬರ ಶಿಸ್ತು. ಸಹಿಯ ಜಾಗದಲ್ಲಿ ಕಡತದ ಹೆಸರಿನ ಬದಲು ಒಂದು ಆಜ್ಞೆಯನ್ನು ಬರೆದು ಕೊನೆಗೆ ನೆಟ್ಟಗಿನ ಗೆರೆ ಎಳೆದರೆ, ಆ ಆಜ್ಞೆ ಏನು ಉಗುಳುತ್ತದೋ ಅದೇ ಸಹಿ. ಬಸವಕಲ್ಯಾಣದಲ್ಲಿ ದುಡಿಯುವವನಿಗೆ ಇದು ಸಿಕ್ಕರೆ ಏನು ಮಾಡುತ್ತಾನೆ? ಪುಟ್ಟ ವಚನಗಳನ್ನು ಒಂದು ಕಡತದಲ್ಲಿ ತುಂಬಿಸಿ, ಪತ್ರಕ್ಕೊಂದು ಬರುವಂತೆ ಮಾಡಿದೆ. 'ವಚನ ಸಂಚಯ' ಎಂಬ ಜಾಲತಾಣ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಕಂಪ್ಯೂಟರಿನಲ್ಲಿ ಹುಡುಕುವಂತೆ ಮಾಡಿಕೊಟ್ಟಿದೆ, ಆರಿಸಿಕೊಳ್ಳಲು ಕೊರತೆಯಿಲ್ಲ. ಕೊರತೆ ಇದ್ದದ್ದು ನಾಲ್ಕು ಸಾಲಿಗೆ. ಬಸವಣ್ಣನವರು ಕೆಲವೊಮ್ಮೆ ಸರಿಹೋಗುತ್ತಾರೆ, ಅಲ್ಲಮಪ್ರಭು ಹೆಚ್ಚಾಗಿ ದಾಟಿಬಿಡುತ್ತಾರೆ. ಇನ್ನೊಂದು ಮಜಾ ಎಂದರೆ ವಚನದ ಕೊನೆಗೆ ಅಂಕಿತ ಬಂದೇ ಬರುತ್ತದಲ್ಲ. ಗ್ಯಾಸ್ ಏಜೆನ್ಸಿಗೆ ಸಿಲಿಂಡರ್ ಬಂದಿಲ್ಲವೆಂದು ಬರೆದರೆ ಕೆಳಗೆ ಗುಹೇಶ್ವರನ ಸಹಿ. ವಿಮೆಯವರಿಗೆ ಬರೆದರೆ ಕಲಿದೇವರದೇವನದು. ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡವರು. ಅವರ ವಚನ ಬಂದ ದಿನ ಪತ್ರ ಬರೆದವನು ಯಾರೆಂದು ನಿಜಕ್ಕೂ ಗೊಂದಲವಾಗಬಹುದು. ಜವಾಬು ಮಾತ್ರ ಬೇಗ ಬರುತ್ತದೆ.

ಕನ್ನಡವನ್ನು ಈ ಕಪ್ಪು ಪರದೆಯ ಮೇಲೆ ಕೂರಿಸುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಟರ್ಮಿನಲ್ ಎಂದರೆ ಒಂದೇ ಅಳತೆಯ ಮನೆಗಳ ಚೌಕಟ್ಟು, ಮನೆಗೊಂದು ಅಕ್ಷರ. 'ಕಲ್ಯಾಣ'ದ ಯ-ಒತ್ತಿಗೆ ಯಾವ ಮನೆ ಕೊಡುವುದು? ಕೆಲವು ಟರ್ಮಿನಲ್‌ಗಳು ಒತ್ತನ್ನು ಪಕ್ಕದ 'ಣ'ದ ಮೇಲೆ ಹೇರುತ್ತವೆ, ಕೆಲವು 'ಲ್' ಬೇರೆ 'ಯಾ' ಬೇರೆ ಎಂದು ಒಡೆದು ತೋರಿಸುತ್ತವೆ. ಪತ್ರಗಳ ಪಟ್ಟಿಯಲ್ಲಿ ಕಳಿಸಿದವರ ಹೆಸರಿಗೆ ಮಟ್ ಕೊಡುವುದು 15 ಮನೆ. ಕನ್ನಡದ ಹೆಸರಾದರೆ ಎಲ್ಲಿ ಕತ್ತರಿಸಬೇಕೆಂದು ಅದಕ್ಕೂ ಗೊತ್ತಾಗದೆ, ಮುಂದಿನ ಕಾಲಮ್ಮು ಕುಡಿದವನಂತೆ ವಾಲುತ್ತದೆ. ಎಮ್‌ಎಲ್‌ಟರ್ಮ್ ಎಂಬ ಟರ್ಮಿನಲ್ ನಮ್ಮ ಲಿಪಿಗಳನ್ನು ಸ್ವಲ್ಪ ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ.

ಇನ್ನು ತಂತಿಯ ಮೇಲೆ ಹೋಗುವಾಗಿನ ಕತೆ. 'ಬಸವಕಲ್ಯಾಣ' ಎಂಬ ಹೆಸರು ಯುನಿಕೋಡಿನಲ್ಲಿ ಗುಣಿತ, ಹಲಂತ ಎಲ್ಲ ಸೇರಿ 9 ಚಿಹ್ನೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ 27 ಬೈಟ್. ವಿಷಯದ ಸಾಲಿನಲ್ಲಿ ಹೋಗುವಾಗ ಇದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ವೇಷ ಹಾಕಿಸಿ ಕಳಿಸಬೇಕು. ಒಂದು ವೇಷದಲ್ಲಿ ಪ್ರತಿ ಬೈಟು 3 ಅಕ್ಷರವಾಗಿ, ಊರಿನ ಹೆಸರೊಂದೇ 81 ಅಕ್ಷರವಾಗುತ್ತದೆ. ಒಂದು ತುಂಡು 75 ಅಕ್ಷರ ಮೀರಬಾರದೆಂಬುದು ನಿಯಮ. ಹಾಗಾಗಿ ಊರನ್ನು ಎರಡಾಗಿ ಸೀಳಬೇಕು. ಇನ್ನೊಂದು ವೇಷದಲ್ಲಿ 36ಕ್ಕೇ ಮುಗಿಯುತ್ತದೆ, ಸೀಳಬೇಕಾಗಿಲ್ಲ. 'ಹುಮನಾಬಾದ್' ಕೂಡ 9 ಚಿಹ್ನೆ, 27 ಬೈಟ್. ಎರಡು ಊರಿನವರ ನಡುವೆ ಯಾವುದು ದೊಡ್ಡದೆಂಬ ವಾದ ಬಂದಾಗ ಇದನ್ನು ಮುಂದಿಡುತ್ತೇನೆ, ಯಾರೂ ಒಪ್ಪುವುದಿಲ್ಲ.

ಮೊದಲೇ ಹೊಂದಿಸಿಟ್ಟ ಉತ್ತರಕ್ಕೆ ಡಿಫಾಲ್ಟ್ ಅನ್ನುತ್ತಾರೆ. ಅದನ್ನು ಬದಲಿಸದವರೇ ಹೆಚ್ಚು, ಹಾಗಾಗಿ ಹೊಂದಿಸಿದವನ ಮಾತೇ ನಡೆಯುತ್ತದೆ. ಈ ಕಸುಬಿನಲ್ಲಿ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಎದುರಿಲ್ಲ. ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯ ಇಲ್ಲಿ 1076ರಿಂದ 1126ರವರೆಗೆ ಆಳಿದ. ಅವನ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಬಂಗಾಳದ ಕಡೆ ಜೀಮೂತವಾಹನನ ದಾಯಭಾಗ ನಡೆಯಿತು. ಅಲ್ಲಿ ಅಪ್ಪ ಸತ್ತ ಮೇಲೆಯೇ ಮಗನ ಹಕ್ಕು. ಮಿಕ್ಕ ಹೆಚ್ಚಿನ ಸೀಮೆಗೆಲ್ಲ ಕಲ್ಯಾಣದ ಡಿಫಾಲ್ಟೇ. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ 1810ರಲ್ಲಿ ಮಿತಾಕ್ಷರಾದ ಆಸ್ತಿ ಹಂಚಿಕೆಯ ಪ್ರಕರಣವನ್ನೂ ಜೀಮೂತವಾಹನನ ದಾಯಭಾಗವನ್ನೂ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷರ ಕೋರ್ಟುಗಳಲ್ಲೂ ಅದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅದನ್ನು ಅಲುಗಾಡಿಸಲಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ ಈ ಸಾಲನ್ನು ತಿದ್ದಿದ್ದು 1994ರಲ್ಲಿ, ದೇಶ ತಿದ್ದಿದ್ದು 2005ರಲ್ಲಿ. 1994ರ ತಿದ್ದುಪಡಿಯಲ್ಲೂ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿದ್ದರು. ಎಂಟುನೂರು ವರ್ಷ ಮೀರಿ ನಿಂತ ಡಿಫಾಲ್ಟ್! ನಮ್ಮ ಮನೆಗಳಲ್ಲಿ "ಅಕ್ಕಾ, ನಿನಗ ಪಾಲು ಬೇಕೇನು?" ಎಂದು ಈಗಲೂ ಕೇಳುವ ಧಾಟಿ ಇದೆಯಲ್ಲ, ಅದು ಶುದ್ಧ ಆಸ್ಕ್-ನೋ. ಕಾಗದದ ಮೇಲೆ ಸೆಟ್ಟಿಂಗು ಬದಲಾಗಿದೆ, ದನಿಯಲ್ಲಿ ಆಗಿಲ್ಲ.

ವಿಕ್ರಮಾದಿತ್ಯನ ಮಗ ಸೋಮೇಶ್ವರ ಇನ್ನೂ ಒಂದು ಹೆಜ್ಜೆ ಮುಂದೆ. ಅವನ ಮಾನಸೋಲ್ಲಾಸದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ರಾಜ ಏನು ತಿನ್ನಬೇಕು, ಆನೆ ಹೇಗೆ ಪಳಗಿಸಬೇಕು, ಮೈಗೆ ಏನು ಹಚ್ಚಿಕೊಳ್ಳಬೇಕು, ಒಂದನ್ನೂ ಬಿಟ್ಟಿಲ್ಲ. ಸೆಟ್ಟಿಂಗುಗಳ ಹುಚ್ಚು ನನ್ನೊಬ್ಬನದಲ್ಲ ಎಂದು ಮನೆಯವಳಿಗೆ ಹೇಳಲು ಈ ಪುಸ್ತಕ ಬೇಕಾಗುತ್ತದೆ.

ಇತ್ತೀಚೆಗೆ ತೊಡಕುಗಳೂ ಹೆಚ್ಚಿವೆ. 2022ರ ಮೇ 30ರಿಂದ ಗೂಗಲ್ ಬರಿಯ ಪಾಸ್‌ವರ್ಡಿಗೆ ಇಂಥ ಹಳೆಯ ತಂತ್ರಾಂಶಗಳನ್ನು ಒಳಬಿಡುವುದನ್ನು ನಿಲ್ಲಿಸುತ್ತ ಬಂತು. 16 ಅಕ್ಷರದ ಬೇರೆಯದೇ ಪಾಸ್‌ವರ್ಡ್ ಪಡೆದುಕೊಳ್ಳಬೇಕು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎಚ್‌ಟಿಎಮ್‌ಎಲ್ ಒಡವೆ ಹೇರಿಕೊಂಡವು. ಅವನ್ನೆಲ್ಲ ಕಳಚಿ ಅಕ್ಷರವಷ್ಟೇ ಉಳಿಯುವಂತೆ ಮಾಡಲು ಒಂದು ಸಾಲು ಬರೆದಿದ್ದೇನೆ. ಹುಮನಾಬಾದಿನ ಹತ್ತಿರ ಜಲಸಂಗಿಯ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತ ನಿಂತಿದ್ದಾಳೆ. ಒಡವೆಯೆಲ್ಲ ಅವಳ ಮೈಮೇಲೆ, ಬರಹದಲ್ಲಿ ಬರೀ ಅಕ್ಷರ. ನನ್ನ ಪಕ್ಷ ಅದೇ.

ದೀಪಾವಳಿಗೆ ಬಂದ ಗುಂಡ ನನ್ನ ಕಡತದ ನಕಲು ಕೇಳಿದ. ವಿಳಾಸಪಟ್ಟಿ ಬೇರೆ ಕಡತದಲ್ಲಿದ್ದುದರಿಂದ ಧೈರ್ಯವಾಗಿ ಕೊಟ್ಟೆ. ಅದನ್ನು ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟಿದ್ದೆ ಎಂಬುದು ಅವನು ನಕ್ಕಾಗ ಗೊತ್ತಾಯಿತು. "ಗುಂಡ ಅಂದ್ರ ನಾನೇ ಏನು, ಮಾಮಾ?" ಅಂದ. ಹೈದರಾಬಾದಿಗೆ ಹೋಗಿ ತನಗೆ ಬೇಕಾದಂತೆ ತಿದ್ದಿಕೊಂಡಿದ್ದಾನೆ. ಅಳಿಸುವ ಪ್ರಶ್ನೆಗೆ ನೋ, ಪರದೆಗೆ ಏಳು ಬಣ್ಣ. ಉತ್ತರದ ತಲೆಯ ಮೇಲಿನ ಸಾಲನ್ನು ಹೀಗೆ ಮಾಡಿಕೊಂಡಿದ್ದಾನೆ: "ಇವ್ರು ಹಿಂಗ ಅಂದಾರ ನೋಡ್ರಿ." ಆಫೀಸಿನ ಪತ್ರಗಳಲ್ಲೂ ಅದೇ ಹೋಗುತ್ತಿದೆ. ಅವನ ಮ್ಯಾನೇಜರು ಚೆನ್ನೈನವರು. ಇದು ಯಾವ ಭಾಷೆ, ನನ್ನ ಹೆಸರಿನ ಪಕ್ಕ ಏನು ಬರೆದಿದ್ದೀಯ ಎಂದು ಕೇಳಿದ್ದಾರಂತೆ. ಸೆಂಡ್-ಹುಕ್ ಹಾಕೋದು ಹೇಗೆಂದು ನಿನ್ನೆ ರಾತ್ರಿ ಫೋನ್ ಮಾಡಿದ್ದ. ಹೇಳಿಕೊಟ್ಟೆ. ಮ್ಯಾನೇಜರಿಗೆ ಬೇರೆ ಸಾಲು ಹಾಕುವ ಬದಲು, ಆ ಸಾಲಿನ ಪಕ್ಕ ಇಂಗ್ಲಿಷ್ ಅರ್ಥವನ್ನೂ ಸೇರಿಸಿದ್ದಾನೆ.