ಮಳೆಗೆ ಅಂಜದ ಕ್ಯಾಮರಾ

ಹೋದ ವರ್ಷ ನಮ್ಮ ಬಾಲಿಕೆಯರೊಡನೆ ಆಗುಂಬೆಗೆ ಹೋಗಿದ್ದಾಗ ಶಾಲೆಯ ಕ್ಯಾಮರಾದೊಳಗೆ ಮಳೆನೀರು ಹೊಕ್ಕು ಅದು ನಿಂತೇಹೋಯಿತು. ಕ್ಯಾಮರಾ ಇದೆಯೆಂಬ ಧೈರ್ಯದಿಂದ ಮೊಬೈಲುಗಳನ್ನು ಬಸ್ಸಿನಲ್ಲಿಯೇ ಬಿಟ್ಟಿದ್ದೆವು. ಆ ತಿಂಗಳು ನಿವೃತ್ತರಾಗಲಿದ್ದ ನಮ್ಮ ವೃದ್ಧ ಆಯಮ್ಮನವರು ಮಕ್ಕಳ ನಡುವೆ ನಿಂತ ಚಿತ್ರವೊಂದೂ ನಮಗೆ ದೊರೆಯದೆ ಹೋಯಿತು.

ತಾವೆಲ್ಲರೂ ಕೂಡಿಸಿಕೊಟ್ಟ ಹಣದಿಂದ ಬೇರೊಂದನ್ನು ಆರಿಸುವ ಹೊಣೆ ನಮ್ಮದಾಯಿತು. ಅಂಗಡಿಯವರು ಮೆಗಾಪಿಕ್ಸೆಲುಗಳನ್ನು ಎಣಿಸಿದರು. ನಾವು ಸಂದುಗಳಲ್ಲಿ ರಬ್ಬರ್ ಪಟ್ಟಿ ಉಂಟೆ ಎಂದು ಕೇಳಿದೆವು. 2016ರಲ್ಲಿ ಹೊರಬಂದ ಎರಡು ಡಿ.ಎಸ್.ಎಲ್.ಆರ್.ಗಳನ್ನು ತೂಗಿನೋಡಿದೆವು. ನಿಕಾನ್ ಡಿ500 ಸೆಕೆಂಡಿಗೆ 10 ಚಿತ್ರ ತೆಗೆಯಬಲ್ಲುದು. ಹಾರುವ ಹಕ್ಕಿಗೆ ತಕ್ಕುದು. ಬೆಲೆ ನಮ್ಮ ಅಳವಿಗೆ ಮೀರಿದುದು. ಪೆಂಟಾಕ್ಸ್ ಕೆ-70 ಆರನ್ನೇ ತೆಗೆದರೂ ಸಂದುಗಳನ್ನು ಬಿಗಿಯಾಗಿ ಮುಚ್ಚಿದ ಗಟ್ಟಿ ಒಡಲುಳ್ಳುದು. ಬಳಸಿದುದೊಂದನ್ನು ಕೊಂಡೆವು. ಒಡಲು ಮಾತ್ರ ಭದ್ರವಾದರೆ ಸಾಲದಾದ್ದರಿಂದ, ಮಳೆ ತಡೆಯುವ 'ಡಬ್ಲ್ಯು.ಆರ್.' ಗುರುತಿನ ಮಸೂರವನ್ನೇ ಜೊತೆಗೆ ತಂದೆವು.

ಅದು ಮಳೆಯನ್ನು ತಾಳೀತೇ ಹೊರತು ನೀರಿನಲ್ಲಿ ಮುಳುಗಿಸಿದರೆ ತಾಳದು. ನೆನೆದ ದಿನ ಒರೆಸಿ, ಒಣಗಿಸಿ, ಸಿಲಿಕಾ ಜೆಲ್ಲಿನೊಡನೆ ಇಡದಿದ್ದರೆ ಮಸೂರಕ್ಕೆ ಬೂಷ್ಟು ಹಿಡಿಯುವುದು. ಈ ಕೆಲಸವನ್ನು ಹತ್ತನೆಯ ತರಗತಿಯವರು ವಹಿಸಿಕೊಂಡಿದ್ದಾರೆ.

ಮೊದಲ ಚಿತ್ರಕ್ಕಾಗಿ ಆಯಮ್ಮನವರ ಮನೆಗೇ ಹೋದೆವು. ಮಳೆ ಸುರಿಯುತ್ತಿತ್ತು. ಅವರು ಅಂಗಳದಲ್ಲಿ ಕೊಡೆ ಹಿಡಿದು, ಮಕ್ಕಳನ್ನು ಬಳಿಗೆ ಕರೆದು ನಕ್ಕರು. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಆ ನಗೆಯು ತಮ್ಮ ಕೊಡುಗೆಯ ಫಲವೆಂದು ಕೃತಜ್ಞತೆಯಿಂದ ಅರಿಕೆ ಮಾಡುತ್ತೇವೆ.